ಬೊಡ್ಡೆಬೇಟೆಯ ರಸಿಕ

ಪುಣೆ–ನಾಶಿಕ ಹೆದ್ದಾರಿಯ ಚಾಕಣದಲ್ಲಿ, ವಾಹನ ಮತ್ತು ಬಿಡಿಭಾಗಗಳ ಕಾರ್ಖಾನೆಗಳನ್ನು ನಂಬಿ ವಿಜಯಪುರ, ಬಾಗಲಕೋಟೆ, ಕಲಬುರಗಿಗಳ ಕಡೆಯಿಂದ ಬಂದು ನೆಲೆಸಿದ ಕನ್ನಡಿಗರ ನಡುವೆ, ಬೊಡ್ಡೆಬೇಟೆಗಾರನೆಂಬ ಒಂದು ಬಗೆಯ ರಸಿಕನು ಕಾಣಸಿಗುತ್ತಾನೆ. ಬೀಜ ಬಿತ್ತಿ, ಸಸಿ ಮಾಡಿ, ವರ್ಷಗಟ್ಟಲೆ ಕತ್ತರಿಸಿ ಕುಳ್ಳಗಿರಿಸುವ ಬೋನ್ಸಾಯ್ ಮಾರ್ಗ ಇವನದಲ್ಲ. ದನದ ಬಾಯಿಗೂ ಬರಗಾಲಕ್ಕೂ ಸಿಕ್ಕಿ ತಾನಾಗಿಯೇ ಗಿಡ್ಡಾಗಿ ಮುದಿಯಾದ ಗಿಡವನ್ನು ಬೇರುಸಹಿತ ಅಗೆದು ತರುವ, ಜಪಾನೀಯರು ಯಮದೋರಿ ಎಂದು ಕರೆಯುವ ಪದ್ಧತಿಯೇ ಇವನಿಗೆ ಪ್ರಿಯ. ತಾಳ್ಮೆಯ ಕಲೆಯೆಂದು ಲೋಕಪ್ರಸಿದ್ಧವಾದುದಕ್ಕೆ ತಾಳ್ಮೆಗೇಡಿಗಳೂ ನುಸುಳಬಹುದಾದ ಹಿಂಬಾಗಿಲು ಇದೊಂದೇ.

ಇಂಥವನು ಹೂವನ್ನಾಗಲಿ ಎಲೆಯನ್ನಾಗಲಿ ನೋಡುವವನಲ್ಲ. ಕಾಂಡದ ಸುತ್ತ ನೆಲದ ಮೇಲೆ ಚಾಚಿಕೊಂಡ ಬೇರುಗಳಲ್ಲಿ, ಅಂದರೆ ಈ ಶಾಸ್ತ್ರವು ನೆಬಾರಿ ಎನ್ನುವುದರಲ್ಲಿ, ಅವನ ದೃಷ್ಟಿ ನೆಟ್ಟಿರುತ್ತದೆ. 1660ರಲ್ಲಿ ಮರಾಠಾ ಕಿಲ್ಲೇದಾರ ಫಿರಂಗೋಜಿ ನರಸಾಳನು ಮೊಗಲ್ ಸರದಾರ ಶಾಯಿಸ್ತಾಖಾನನ ಸೇನೆಯನ್ನು ಸುಮಾರು ಎರಡು ತಿಂಗಳು ತಡೆದು ನಿಲ್ಲಿಸಿದ ಚಾಕಣದ ಕೋಟೆ ಸಂಗ್ರಾಮದುರ್ಗಕ್ಕೆ ಊರಿನ ಬೀಗರನ್ನು ಕರೆದೊಯ್ದಾಗಲೂ, ಅವರು ಶೌರ್ಯದ ಕಥೆಗೆ ಕಾದಿದ್ದರೆ ಇವನು ಗೋಡೆಯ ಬಿರುಕಿನಲ್ಲಿ ಅರಳಿಯೇನಾದರೂ ಹುಟ್ಟಿದೆಯೇ ಎಂದು ಬಗ್ಗಿ ಹುಡುಕುತ್ತಾನೆ.

ಕೋಟೆಯ ಕಲ್ಲಿಗೆ ಕೈಹಚ್ಚುವಂತಿಲ್ಲ. ಭೀಮಾಶಂಕರದ ಕಾಡಿಗೆ ಹೋಗೋಣವೆಂದರೆ 1927ರ ಅರಣ್ಯ ಕಾಯ್ದೆಯೂ 1972ರ ವನ್ಯಜೀವಿ ಕಾಯ್ದೆಯೂ ಅಡ್ಡ ಬರುತ್ತವೆ. ಆದ್ದರಿಂದ, ಪಾರ್ಕಿಂಗ್ ವಿಸ್ತರಣೆಗೆಂದು ಜೆಸಿಬಿ ಬಂದು ಕಾರ್ಖಾನೆಯ ಬೇಲಿಯ ಬೋಗನ್‌ವಿಲ್ಲಾವನ್ನು, ಅಂದರೆ ಕಾಗದದ ಹೂವಿನ ಗಿಡವನ್ನು, ಕಿತ್ತೆಸೆಯುವ ದಿನವೇ ಅವನ ಪಾಲಿನ ದೀಪಾವಳಿ. ಒಂದು ನಟ್ಟು ಹೊರಗೆ ಹೋಗಬೇಕಾದರೂ ಗೇಟ್‌ಪಾಸ್ ಕೇಳುವ ಜಾಗವಾದುದರಿಂದ, ‘ಬೋಗನ್‌ವಿಲ್ಲಾ ಬೊಡ್ಡೆ, ನಗ ಒಂದು’ ಎಂದು ಬರೆಯಿಸಿ, ಮರಳಿ ಬರುವ ಮಾಲೋ ಬಾರದ ಮಾಲೋ ಎಂಬ ಕಾಲಮ್ಮಿನೆದುರು ಬಹಳ ಹೊತ್ತು ಪೇಚಾಡಿ, ಸೆಕ್ಯುರಿಟಿಯವನಿಗೆ ಒದ್ದೆ ಗೋಣಿಚೀಲವನ್ನು ಬಿಚ್ಚಿ ತೋರಿಸಿ, ಅಂತೂ ಡಿಕ್ಕಿಗೆ ಏರಿಸುತ್ತಾನೆ.

ಮನೆಯಲ್ಲಿ ತಾಯಿಬೇರನ್ನು ತುಂಡರಿಸಿ, ರೆಂಬೆಗಳನ್ನು ಸವರಿ, ಇಟ್ಟಿಗೆಚೂರಿನ ಕುಂಡದಲ್ಲಿ ಕೂರಿಸಿದ ಕೆಲವೇ ವಾರಗಳಲ್ಲಿ ಚಿಗುರೊಡೆಯುತ್ತದೆ. ಹೊಸ ಬೇರು ಮೂಡದಿದ್ದರೂ ಕಾಂಡದಲ್ಲಿ ಕೂಡಿಟ್ಟ ಆಹಾರದಿಂದಲೇ ಗಿಡವು ಹೀಗೆ ಚಿಗುರಬಲ್ಲದು. ಇದು ಆ ಗಿಡಕ್ಕೆ ತಿಳಿದಿರುತ್ತದೆ, ಅವನಿಗಲ್ಲ. ಪೇಡೆ ಹಂಚುವ ಹೊತ್ತಿಗೆ, ಅಗೆದಾಗ ಇಪ್ಪತ್ತು ವರ್ಷದ್ದಾಗಿದ್ದ ಬೊಡ್ಡೆ ಐವತ್ತನ್ನು ಮುಟ್ಟಿ, ಅದರ ಮುಪ್ಪಿಗೆಲ್ಲ ತಾನೇ ಕಾರಣನೆಂಬ ಗಾಂಭೀರ್ಯ ಅವನ ಮುಖಕ್ಕೆ ಬಂದಿರುತ್ತದೆ. ಕೂಡಿಟ್ಟದ್ದು ತೀರಿದೊಡನೆ ಚಿಗುರು ಜೋತುಬೀಳುತ್ತದೆ. ದಿನಕ್ಕೊಮ್ಮೆ ಉಗುರಿನಿಂದ ತೊಗಟೆಯನ್ನು ಕೆರೆದು ಹಸಿರನ್ನು ಅರಸುವ ಗಂಡನಿಗೆ, ಬಾಲ್ಕನಿಯ ನಿಜವಾದ ಹಕ್ಕುದಾರಳು, ‘ಅರಿವಿ ಒಣಾ ಹಾಕಾಕ ಜಾಗಾ ಇಲ್ಲ, ಇನ್ನರೆ ಇದನ್ನ ಒಗದ ಬರ್ರಿ’ ಎನ್ನುತ್ತಾಳೆ.

ಅವನು ಒಗೆಯುವುದಿಲ್ಲ. ಸತ್ತ ರೆಂಬೆಯ ತೊಗಟೆಯನ್ನು ಸುಲಿದು, ಸುಣ್ಣ–ಗಂಧಕದ ದ್ರಾವಣ ಬಳಿದು ಬೆಳ್ಳಗಾಗಿಸುವುದಕ್ಕೆ ಬೋನ್ಸಾಯ್ ಶಾಸ್ತ್ರದಲ್ಲಿ ಜಿನ್ ಎಂಬ ಹೆಸರಿದೆ. ಬದುಕಿರುವ ಗಿಡದ ಒಂದೆರಡು ರೆಂಬೆಗೆ ಶಾಸ್ತ್ರವು ವಿಧಿಸಿದ ಈ ಸಂಸ್ಕಾರವನ್ನು ಅವನು ಇಡೀ ಗಿಡಕ್ಕೆ ನೆರವೇರಿಸಿ, ಇದು ಮೊದಲಿನಿಂದಲೂ ತನ್ನ ಉದ್ದೇಶವಾಗಿತ್ತೆಂದು ಸಾರುತ್ತಾನೆ. ಆಕೆ ಅದರ ಮೇಲೆ ಕಾಲುಚೀಲ ಒಣಹಾಕುವುದಕ್ಕೆ ಮಾತ್ರ ಜಪಾನೀ ಹೆಸರೊಂದು ಇನ್ನೂ ದೊರೆತಿಲ್ಲ.