ಯೆಜ್ಡಿ 250: ಮಾಲೀಕರ ಕೈಪಿಡಿ (ಎರಿ ಸೀಮೆಯ ಆವೃತ್ತಿ)

ಅಭಿನಂದನೆಗಳು. ತಾವು ಹಳೆಯ ಯೆಜ್ಡಿ ಕೊಂಡಿದ್ದೀರಿ. ಮನೆಯಲ್ಲಿ ಬೆಲೆ ಹೇಳುವಾಗ ಅರ್ಧ ಮಾತ್ರ ಹೇಳಿರಿ; ಉಳಿದರ್ಧ ರಿಪೇರಿ ಲೆಕ್ಕದಲ್ಲಿ ತಾನೇ ಹೊರಬರುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಂಪನಿ ಹುಟ್ಟಿದ್ದು 1960ರಲ್ಲಿ. ಮೊದಲು ಚೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ ಜಾವಾ ಮಾಡಿತು, 1973ರಿಂದ ಯೆಜ್ಡಿ ಎಂಬ ಹೆಸರಿಟ್ಟಿತು, 1996ರಲ್ಲಿ ಗಾಡಿ ಮಾಡುವುದನ್ನೇ ನಿಲ್ಲಿಸಿತು. ಆದ್ದರಿಂದ ವಾರಂಟಿ ವಿಚಾರಿಸಬೇಡಿರಿ.

ತಾಂತ್ರಿಕ ವಿವರ

ಎಂಜಿನ್: ಟೂ ಸ್ಟ್ರೋಕ್, ಒಂದೇ ಸಿಲಿಂಡರ್. ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ.
ಸೈಲೆನ್ಸರ್: ಎರಡು. ಒಂದು ಸಿಲಿಂಡರಿಗೆ ಎರಡೇಕೆ ಎಂದು ಕೇಳುವವರಿಗೆ ಗಾಡಿ ಮಾರಬೇಡಿರಿ.
ಗೇರ್: ನಾಲ್ಕು. ನಡುವೆ ಸಿಗುವ ಸುಳ್ಳು ನ್ಯೂಟ್ರಲ್‌ಗಳನ್ನು ಎಣಿಸಿಲ್ಲ.
ಆಹಾರ: ಪೆಟ್ರೋಲ್, ಅದರಲ್ಲೇ ಬೆರೆಸಿದ ಆಯಿಲ್. ಬಂಕಿನಲ್ಲಿ ಆಯಿಲ್ ಮರೆತರೆ ಪಿಸ್ಟನ್ ನೆನಪು ಮಾಡಿಕೊಡುತ್ತದೆ.
ವಂಶ: ಇದೇ ತಳಿ ಮದರಾಸಿನ ಶೋಲಾವರಂ ರೇಸಿನಲ್ಲಿ ಓಡಿದೆ. ತಮ್ಮದು ಅಣ್ಣಿಗೇರಿಯವರೆಗೆ ಓಡಿದರೆ ಸಾಕು.

ಚಾಲೂ ಮಾಡುವ ಕ್ರಮ

ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿರಿ. ಅದೇ ಕಿಕ್ ಆಗುತ್ತದೆ. ಒದೆಯುವಾಗ ಮನಸ್ಸಿನಲ್ಲಿ ಅನುಮಾನ ಇರಬಾರದು. ಅರ್ಧ ಮನಸ್ಸಿನ ಕಿಕ್ಕಿಗೆ ಲಿವರ್ ತಿರುಗಿ ಮೊಣಕಾಲಿಗೆ ಉತ್ತರ ಕೊಡುತ್ತದೆ. ಬೀಗರ ಮನೆ ಮುಂದೆ ಮೊದಲ ಕಿಕ್ಕಿಗೆ ಚಾಲೂ ಆಗದಿರುವುದು ದೋಷವಲ್ಲ, ಸ್ವಭಾವ.

ಸಾಮಾನ್ಯ ದೋಷಗಳು

1. ಮೊದಲ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ಹೆದರಬೇಡಿರಿ. ಟೈಮಿಂಗ್ ತಪ್ಪಿ, ಕಿಕ್ ಸೋತು, ಎಂಜಿನ್ ಉಲ್ಟಾ ತಿರುಗುತ್ತಿದೆ; ಟೂ ಸ್ಟ್ರೋಕಿಗೆ ಎರಡೂ ದಿಕ್ಕು ಒಂದೇ. ಬಂದ್ ಮಾಡಿ, ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇದೆಯೇ ನೋಡಿ, ಟೈಮಿಂಗ್ ಸರಿ ಮಾಡಿಸಿರಿ. ಹಿಂದೆ ನಿಂತವರ ಕ್ಷಮೆ ಕೇಳಿರಿ.

2. ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಮಾಯವಾಗುತ್ತದೆ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತಿದೆ. ಡೈನಮೋ ಕಡೆಯ ಸೀಲ್ ಹೋದರೆ ಗಾಳಿ ಎಳೆದು, ಕಾರಣವಿಲ್ಲದೆ ರೇಸ್ ಆಗಿ, ಕಾದು ಜಾಮ್ ಆಗುತ್ತದೆ. ಮೊದಲನೆಯದು ಓಣಿಗೆ ತ್ರಾಸು, ಎರಡನೆಯದು ಕಿಸೆಗೆ.

3. ಕಲಘಟಗಿ ಕಡೆಯ ಇಳಿಜಾರಿನಲ್ಲಿ ಜಾಮ್. ಪೆಟ್ರೋಲ್ ಉಳಿಸಲು ಥ್ರಾಟಲ್ ಮುಚ್ಚಿ ಗೇರಿನಲ್ಲೇ ಇಳಿದಿದ್ದೀರಿ. ಪೆಟ್ರೋಲ್ ಬರದಿದ್ದರೆ ಅದರೊಳಗಿನ ಆಯಿಲೂ ಬರುವುದಿಲ್ಲ, ಚಕ್ರ ಮಾತ್ರ ಪಿಸ್ಟನ್ನನ್ನು ಓಡಿಸುತ್ತಲೇ ಇರುತ್ತದೆ. ನಡುನಡುವೆ ಥ್ರಾಟಲ್ ತೆರೆಯಿರಿ. ಉಳಿಸಿದ ಪೆಟ್ರೋಲಿನ ದುಡ್ಡು ಪಿಸ್ಟನ್ನಿಗೆ ಸಾಲುವುದಿಲ್ಲ.

4. ಪಿಕಪ್ ಇಲ್ಲ. ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿದೆ. ಒಳಕೊಳವೆ ತೆಗೆದು ಬೆಂಕಿಯಲ್ಲಿ ಸುಟ್ಟು ಕೊಡವಿರಿ. ಸುಗ್ಗಿಯ ದಿನಗಳಾದರೆ ಏರ್ ಫಿಲ್ಟರನ್ನೂ ಜಾಡಿಸಿರಿ. ನವಲಗುಂದದ ಎರಿ ಧೂಳು ಅಲ್ಲಿ ಹೊಲ ಮಾಡಿಕೊಂಡಿರುತ್ತದೆ.

5. ಮಳೆಗಾಲದಲ್ಲಿ ಎಂಜಿನ್ ಓಡುತ್ತದೆ, ಗಾಡಿ ಓಡುವುದಿಲ್ಲ. ಎಂಜಿನ್ ಬೈಯಬೇಡಿರಿ. ಕುಂದಗೋಳದ ಹೊಲದ ದಾರಿಯ ಮಣ್ಣು ಮಡ್‌ಗಾರ್ಡ್ ಹಿಡಿದಿದೆ. ಕಟ್ಟಿಗೆಯಿಂದ ಕೆರೆಯಿರಿ.

6. ರಾತ್ರಿ ನಿಂತಾಗ ದೀಪ ಮಂಕು. ಹಳೆಯ ಗಾಡಿಗಳದ್ದು 6 ವೋಲ್ಟ್. ದಾರಿ ಕಾಣಬೇಕಾದರೆ ಜೋರಾಗಿ ಓಡಿಸಬೇಕು, ಜೋರಾಗಿ ಓಡಿಸಬೇಕಾದರೆ ದಾರಿ ಕಾಣಬೇಕು. ಪರಿಹಾರ: ಹೊತ್ತು ಮುಳುಗುವುದರೊಳಗೆ ಮನೆ ಸೇರುವುದು.

ಮಿಸ್ತ್ರಿಯ ಬಳಿ ಹೋದಾಗ

ಏನಾಗಿದೆ ಎಂದು ತಾವು ಹೇಳಬೇಡಿರಿ. "ಸುಮ್ನ ನಿಂದರ್ರೀ ಸಾವಕಾರ್ರ, ಗಾಡಿನ ಹೇಳ್ಲಿ" ಎಂದು ಬೈಸಿಕೊಳ್ಳುತ್ತೀರಿ. ಅವರ ಮಾತು ನಿಜ. ಈ ಎಂಜಿನ್ ಯಾವ ರೋಗವನ್ನೂ ಮುಚ್ಚಿಡುವುದಿಲ್ಲ. ಹೊಗೆಯ ಬಣ್ಣದಲ್ಲಿ, ಸದ್ದಿನಲ್ಲಿ, ಪ್ಲಗ್ಗಿನ ಮಸಿಯಲ್ಲಿ ಎಲ್ಲ ಹೇಳಿಬಿಡುತ್ತದೆ. 2022ರಲ್ಲಿ ಯೆಜ್ಡಿ ಹೆಸರು ಹೊಸ ಗಾಡಿಗಳ ಮೇಲೆ ಮರಳಿತು. ಒಳಗಿರುವುದು ಫೋರ್ ಸ್ಟ್ರೋಕ್ ಎಂಜಿನ್. ಅದರ ಕಾಯಿಲೆ ಓದಲು ಕಿವಿ ಸಾಲದು, ಕಂಪ್ಯೂಟರ್ ಬೇಕು.

ಕೊನೆಯ ಸೂಚನೆ: ಹಳೆಯ ಯೆಜ್ಡಿ ಕೊಳ್ಳುವವರು ಮೊದಲು ಮಿಸ್ತ್ರಿಯನ್ನು ಗೊತ್ತು ಮಾಡಿಕೊಳ್ಳಿರಿ, ಆಮೇಲೆ ಗಾಡಿ ನೋಡಿರಿ.