ಕೋರಂ ಗಂಟೆಯ ಕೊರಗು

ಬೆಳಗಿನ ಹತ್ತೂವರೆ. ವಿಧಾನಸೌಧದ ಮೊಗಸಾಲೆಯ ಗೋಡೆಗೆ ಅಂಟಿಕೊಂಡಿರುವ ಕೋರಂ ಗಂಟೆಯನ್ನು ಮಾತಾಡಿಸಲು ವಾರಪತ್ರಿಕೆಯ ವರದಿಗಾರ್ತಿ ಬಂದಾಗ ಅದು ಆಗಲೇ ಒಂದು ಸುತ್ತು ಕೂಗಿ ದಣಿದಿತ್ತು. ವಯಸ್ಸೆಷ್ಟು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. "ಹಿರಿಯ ಸದಸ್ಯ ಅಂತ ಬರ್ಕೊಳ್ಳಿ ಮೇಡಂ, ಸಾಕು" ಎಂದಿತು.

"ಗಂಟಪ್ಪನವರೇ, ನಿಮ್ಮ ಕೆಲಸ ಏನು?"

"ಕೂಗೋದು. ಒಳಗಿರೋರೂ ಅದೇ ಕೆಲಸ ಮಾಡ್ತಾರೆ. ಅವರಿಗೆ ದಿನಭತ್ಯೆ ಉಂಟು, ನನಗೆ ಕೆಟ್ಟಾಗ ಒಬ್ಬ ಎಲೆಕ್ಟ್ರಿಷಿಯನ್ನು."

ಕೆಲಸ ಅಷ್ಟು ಹಗುರವೇನಲ್ಲ. ಸಂವಿಧಾನದ 189ನೇ ವಿಧಿಯಂತೆ ಸಭೆ ನಡೆಯಬೇಕಾದರೆ ಹತ್ತು ಮಂದಿ ಇಲ್ಲವೇ ಒಟ್ಟು ಸದಸ್ಯರ ಹತ್ತನೇ ಒಂದು ಪಾಲು, ಎರಡರಲ್ಲಿ ಯಾವುದು ಹೆಚ್ಚೋ ಅಷ್ಟು ಜನ ಒಳಗಿರಬೇಕು; ಅದೇ ಕೋರಂ. 224 ಸದಸ್ಯರ ಕರ್ನಾಟಕ ವಿಧಾನಸಭೆಗೆ ಆ ಲೆಕ್ಕ 23. ಅಷ್ಟು ತಲೆ ಕೂಡುವ ತನಕ ಗಂಟೆ ಬಾಯಿ ಮುಚ್ಚುವಂತಿಲ್ಲ. "ಮದುವೆ ಮನೇಲಿ ಊಟಕ್ಕೆ ಕರೆದ್ರೆ ಒಂದೇ ಕೂಗಿಗೆ ಪಂಕ್ತಿ ತುಂಬುತ್ತೆ. ಇಲ್ಲಿ ಊಟ ಆದ್ಮೇಲೆ ಕರೀಬೇಕು, ಅದೇ ಕಷ್ಟ" ಎಂದು ಗಂಟೆ ನಿಟ್ಟುಸಿರು ಬಿಟ್ಟಿತು. ಊಟದ ನಂತರ ಶಾಸಕರು ಮನೆಗೆ ಹೋಗದೆ ಇಲ್ಲೇ ಉಳಿಯಲೆಂದು 2025ರಲ್ಲಿ ಸಭಾಧ್ಯಕ್ಷ ಯು.ಟಿ. ಖಾದರ್ ಅವರು ಒರಗು ಕುರ್ಚಿಗಳನ್ನು ಬಾಡಿಗೆಗೆ ತರಿಸುವ ಮಾತಾಡಿದ್ದನ್ನು ನೆನೆದು, "ನನ್ನ ಮೇಲೆ ಇಷ್ಟೇನಾ ನಂಬಿಕೆ?" ಎಂದು ಕೇಳಿತು.

ವರದಿಗಾರ್ತಿ ವಿಷಯಕ್ಕೆ ಬಂದಳು. ಮುಖ್ಯಮಂತ್ರಿಯನ್ನು ಜನ ನೇರವಾಗಿ ಆರಿಸುವುದಿಲ್ಲ, ರಾಜ್ಯಪಾಲರು ನೇಮಿಸುತ್ತಾರೆ. ಆದರೆ ಮಂತ್ರಿಮಂಡಲ ಒಟ್ಟಾಗಿ ಉತ್ತರ ಕೊಡಬೇಕಾದ್ದು ವಿಧಾನಸಭೆಗೆ. ಹಾಗಾದರೆ ಬಹುಮತ ಇದೆಯೋ ಇಲ್ಲವೋ ಎಂದು ಎಣಿಸಬೇಕಾದವರು ಯಾರು?

ಗಂಟೆ ಸುಮ್ಮನಾಯಿತು. ಹಳೆಯ ಗಾಯ ಅದು.

"1989ರ ಏಪ್ರಿಲ್. ಮುಖ್ಯಮಂತ್ರಿ ಕುರ್ಚಿಯಿಂದ ರಾಮಕೃಷ್ಣ ಹೆಗಡೆಯವರು ಇಳಿದು ಎಸ್.ಆರ್. ಬೊಮ್ಮಾಯಿಯವರು ಕೂತಿದ್ರು. ಒಬ್ಬ ಶಾಸಕರು ಹತ್ತೊಂಬತ್ತು ಪತ್ರ ಹಿಡ್ಕೊಂಡು ರಾಜಭವನಕ್ಕೆ ಹೋದ್ರು, 'ಸರ್ಕಾರಕ್ಕೆ ನಮ್ಮ ಬೆಂಬಲ ಇಲ್ಲ' ಅಂತ. ಎರಡೇ ದಿನದಲ್ಲಿ ಅವರಲ್ಲಿ ಏಳು ಜನ, 'ನಮಗೆ ಏನೋ ಹೇಳಿ ಸಹಿ ಹಾಕಿಸ್ಕೊಂಡ್ರು' ಅಂದ್ರು. ಬೊಮ್ಮಾಯಿಯವರು ಬೇರೇನೂ ಕೇಳಲಿಲ್ಲ ಮೇಡಂ. 'ಸಭೆ ಕರೀತೀನಿ, ಅಲ್ಲೇ ಎಣಿಸಿ' ಅಂದ್ರು. 27ನೇ ತಾರೀಕು ನನ್ನ ಡ್ಯೂಟಿ ಗೊತ್ತಾಗಿತ್ತು."

"ಬಾರಿಸಿದಿರಾ?"

"21ಕ್ಕೇ ರಾಷ್ಟ್ರಪತಿ ಆಡಳಿತ ಬಂತು! ರಾಜ್ಯಪಾಲ ವೆಂಕಟಸುಬ್ಬಯ್ಯನವರು ಪತ್ರಗಳನ್ನ ಎಣಿಸಿ ದೆಹಲಿಗೆ ವರದಿ ಕಳಿಸಿದ್ರು, ತಲೆ ಎಣಿಸೋಕೆ ಬಿಡಲಿಲ್ಲ. ರಾಜಭವನ ಇಲ್ಲಿಂದ ಕೂಗಳತೆ ದೂರ. ಆದ್ರೂ ನನ್ನ ಕೂಗು ಅಲ್ಲಿಗೆ ಮುಟ್ಟಲಿಲ್ಲ."

ಇದು ಬೊಮ್ಮಾಯಿಯವರೊಬ್ಬರ ಕಥೆಯಲ್ಲ ಎಂಬುದು ವರದಿಗಾರ್ತಿಗೆ ಗೊತ್ತಿತ್ತು. 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ಸದನದಲ್ಲಿ ಬಹುಮತ ಇಟ್ಟುಕೊಂಡೇ ಮನೆಗೆ ಹೋಗಿತ್ತು. 1977ರಲ್ಲಿ ಜನತಾ ಸರ್ಕಾರ ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ಒಂದೇ ಏಟಿಗೆ ವಿಸರ್ಜಿಸಿತು. 1980ರಲ್ಲಿ ಇಂದಿರಾ ಗಾಂಧಿಯವರು ಮರಳಿ ಬಂದವರೇ ತಿರುಗಿ ಒಂಬತ್ತನ್ನು ವಿಸರ್ಜಿಸಿದರು. ಮುಯ್ಯಿ ಲೆಕ್ಕದಲ್ಲಿ ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ಆ ಹದಿನೆಂಟು ಕಡೆಯ ಗಂಟೆಗಳನ್ನು ಯಾರೂ ಕೇಳಲಿಲ್ಲ.

"ಆದರೆ ಬೊಮ್ಮಾಯಿಯವರು ಕೋರ್ಟಿಗೆ ಹೋದರಲ್ಲ?"

ಗಂಟೆಯ ಮುಖ ಅರಳಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಅದಕ್ಕೆ ಬಾಯಿಪಾಠ. ಬಹುಮತ ಪರೀಕ್ಷೆಯಾಗಬೇಕಾದ ಜಾಗ ಸದನ, ರಾಜ್ಯಪಾಲರ ಮನಸ್ಸಲ್ಲ; ರಾಷ್ಟ್ರಪತಿ ಆಡಳಿತ ಹೇರುವ 356ನೇ ವಿಧಿಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು; ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಕರ್ನಾಟಕದ ಘೋಷಣೆ ಅಸಾಂವಿಧಾನಿಕ ಎಂದೂ ಹೇಳಿತು.

"ಬೊಮ್ಮಾಯಿಯವರಿಗೆ ಸಿಕ್ಕಿದ್ದೇನು?"

"ಹೆಸರು. ದೇಶದ ವಕೀಲರೆಲ್ಲ ಈಗ 'ಬೊಮ್ಮಾಯಿ, ಬೊಮ್ಮಾಯಿ' ಅಂತಾರೆ. ಕುರ್ಚಿ ಎಲ್ಲಿಂದ ಸಿಗಬೇಕು? ಅಷ್ಟೊತ್ತಿಗೆ ಚುನಾವಣೆ ಆಗಿ ನಾಲ್ಕು ವರ್ಷ ಕಳೆದಿತ್ತು."

ತೀರ್ಪು ಬಂದ ಮೇಲೆ ರಾಜ್ಯ ಸರ್ಕಾರಗಳನ್ನು ಹಾಗೆ ಸುಮ್ಮಸುಮ್ಮನೆ ಉರುಳಿಸುವುದು ಕಡಿಮೆಯಾಯಿತು. ಆದರೆ ಎಣಿಕೆ ತಪ್ಪಿಸುವ ಹೊಸ ದಾರಿಗಳು ಹುಟ್ಟಿಕೊಂಡವು. 2018ರ ಮೇ ತಿಂಗಳಲ್ಲಿ 104 ಶಾಸಕರ ಬಲದ ಬಿ.ಎಸ್. ಯಡಿಯೂರಪ್ಪನವರಿಗೆ ರಾಜ್ಯಪಾಲ ವಜುಭಾಯಿ ವಾಲಾ ಬಹುಮತ ತೋರಿಸಲು ಹದಿನೈದು ದಿನ ಕೊಟ್ಟರು. ಸುಪ್ರೀಂ ಕೋರ್ಟ್ ಅದನ್ನು ಕತ್ತರಿಸಿ, 19ನೇ ತಾರೀಕು ಸಂಜೆ ನಾಲ್ಕು ಗಂಟೆ ಎಂದಿತು.

"ಅವತ್ತು ಗಂಟಲು ಸರಿಮಾಡ್ಕೊಂಡು ಕಾದೆ ಮೇಡಂ. ಅವರು ಭಾಷಣ ಮಾಡಿ, ಮತಕ್ಕೆ ಹಾಕದೇ ರಾಜೀನಾಮೆ ಕೊಡೋಕೆ ಹೊರಟುಹೋದ್ರು."

ಮರುವರ್ಷ ಇನ್ನೊಂದು ಥರ. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ವಿಶ್ವಾಸಮತ ಯಾಚನೆ ಜುಲೈ 18ಕ್ಕೆ ಶುರುವಾಗಿ 23ರ ತನಕ ಎಳೆಯಿತು. ನಡುವೆ ರಾಜಭವನದಿಂದ ಒಂದೇ ದಿನದಲ್ಲಿ ಎರಡು ಗಡುವು ಬಂದವು. ಎರಡೂ ಬಂದ ಹಾಗೇ ಕಳೆದವು. ಸರ್ಕಾರದ ಪಾಳೆಯದಿಂದ ರಾಜೀನಾಮೆ ಕೊಟ್ಟ ಶಾಸಕರು ಮುಂಬೈಯ ಹೋಟೆಲಿನಲ್ಲಿದ್ದರು.

"ಮುಂಬೈ ತನಕ ನನ್ನ ವೈರ್ ಎಳೆದಿಲ್ಲ" ಎಂದು ಗಂಟೆ ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿತು. "ಆದ್ರೂ ಕೊನೆಗೆ ಎಣಿಸಿದ್ರಲ್ಲ. ಪರ 99, ವಿರುದ್ಧ 105. ಸರ್ಕಾರ ಬಿತ್ತು. ಬೀಳೋದಾದ್ರೆ ಹಾಗೆ ಬೀಳಬೇಕು."

ಬಂದವರ ಎಣಿಕೆ ಸರಿ, ಬರದವರ ಕಥೆ? 1985ರ ಪಕ್ಷಾಂತರ ನಿಷೇಧ ಕಾನೂನಿನ ಕೈಗೆ ಸಿಗದಂತೆ ರಾಜೀನಾಮೆಯ ಹಿತ್ತಿಲ ಬಾಗಿಲು ಹುಡುಕಿಕೊಂಡವರು ಇವರು. ಸಭಾಧ್ಯಕ್ಷ ರಮೇಶ್ ಕುಮಾರ್ ಹದಿನೇಳು ಮಂದಿಯನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಚುನಾವಣೆಗೆ ನಿಲ್ಲಬಹುದು ಎಂದೂ ಹೇಳಿತು. ಡಿಸೆಂಬರ್‌ನಲ್ಲಿ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ ಹನ್ನೆರಡನ್ನು ಗೆದ್ದಿತು. ಗೆದ್ದ ಹಲವರು ಮಂತ್ರಿಗಳಾಗಿ ಇದೇ ಮೊಗಸಾಲೆಯಲ್ಲಿ ಹಾದುಹೋದಾಗ ಗಂಟೆಗೆ ಯಾವ ಪಕ್ಷದ ಬಾಗಿಲಿಗೆ ಮುಖಮಾಡಿ ಕೂಗಬೇಕೆಂದು ತಿಳಿಯಲಿಲ್ಲವಂತೆ.

ಕೇಂದ್ರವೇ ಯಾವಾಗಲೂ ರಾಜ್ಯವನ್ನು ಬೀಳಿಸುವುದೋ ಎಂದು ಕೇಳಿದ್ದಕ್ಕೆ ಗಂಟೆ ಕಿಲಕಿಲ ನಕ್ಕಿತು. "1999ರ ಏಪ್ರಿಲ್ 17 ಮರೆತ್ರಾ? ಲೋಕಸಭೆಯಲ್ಲಿ ನಮ್ಮ ದಾಯಾದಿ ಬಡ್ಕೊಂಡ, ಬಾಗಿಲು ಹಾಕಿದ್ರು, ಎಣಿಸಿದ್ರು. ವಾಜಪೇಯಿಯವರಿಗೆ 269, ಎದುರಿಗೆ 270. ಆ ಎದುರುಗಡೆ ಕೂತಿದ್ದವರಲ್ಲಿ ಗಿರಿಧರ್ ಗಮಾಂಗ್ ಒಬ್ಬರು. ಒಡಿಶಾ ಮುಖ್ಯಮಂತ್ರಿ ಆಗಿ ಎರಡು ತಿಂಗಳಾಗಿತ್ತು, ಸಂಸತ್ ಸ್ಥಾನ ಇನ್ನೂ ಬಿಟ್ಟಿರಲಿಲ್ಲ. ಒಕ್ಕೂಟ ಅಂದ್ರೆ ಇದಪ್ಪಾ ಅಂದ್ಕೊಂಡೆ."

ಆದರೂ ಅದರ ನಿಜವಾದ ಹೊಟ್ಟೆಯುರಿ ಬೇರೆ. ಸರ್ಕಾರ ಬೀಳುವಾಗಲಾದರೂ ಎಣಿಸುತ್ತಾರೆ. ಕಾನೂನು ಮಾಡುವಾಗ ಎಣಿಸುವುದೇ ಅಪರೂಪ. ಧ್ವನಿಮತ. "ಪರವಾಗಿರುವವರು ಹೌದು ಎನ್ನಿ" ಎನ್ನುವಷ್ಟರಲ್ಲಿ ಮಸೂದೆ ಆಚೆ ಹೋಗಿರುತ್ತದೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಹಾಗೆ ಪಾಸಾದವು. ಕೃಷಿ ರಾಜ್ಯಪಟ್ಟಿಯ ವಿಷಯ; ಕೇಂದ್ರ ಸರ್ಕಾರ ಸಮವರ್ತಿ ಪಟ್ಟಿಯಲ್ಲಿರುವ ಆಹಾರವಸ್ತುಗಳ ವ್ಯಾಪಾರದ ನಮೂದನ್ನು ಹಿಡಿದು ಒಳಬಂದಿತ್ತು. ರಾಜ್ಯಗಳ ಸದನವೆಂದೇ ಹೆಸರಾದ ಕಡೆ ವಿರೋಧಿಗಳು ಮತಗಳನ್ನು ಎಣಿಸಿ ಎಂದು ಗಂಟಲು ಹರಿದುಕೊಂಡರೂ ಗದ್ದಲದಲ್ಲಿ ಧ್ವನಿಮತವೇ ಗೆದ್ದಿತು. ಮರುವರ್ಷ ನವೆಂಬರ್‌ನಲ್ಲಿ ಆ ಕಾನೂನುಗಳನ್ನು ರದ್ದು ಮಾಡಿದ್ದೂ ಚರ್ಚೆಯಿಲ್ಲದೆ, ಧ್ವನಿಮತದಲ್ಲೇ.

"ತಂದಾಗ್ಲೂ ಎಣಿಸಲಿಲ್ಲ, ತೆಗೆದಾಗ್ಲೂ ಎಣಿಸಲಿಲ್ಲ. ಕೂಗೋದೇ ಪ್ರಮಾಣ ಅಂದ್ರೆ ನಾನೇ ಎಲ್ಲರಿಗಿಂತ ಜೋರಾಗಿ ಕೂಗ್ತೀನಲ್ಲ, ನನ್ನನ್ನೇ ಮುಖ್ಯಮಂತ್ರಿ ಮಾಡಿ!"

ಅಷ್ಟರಲ್ಲಿ ಮಾರ್ಷಲ್ ಸ್ವಿಚ್ಚಿನತ್ತ ಬರುವುದು ಕಂಡಿತು. ಸಭೆ ಸೇರುವ ಹೊತ್ತು. ಗಂಟೆ ದನಿ ತಗ್ಗಿಸಿ, "ಮೇಡಂ, ನನಗೆ ಒಳಗಿಂದು ಕಾಣಲ್ಲ. ಎಷ್ಟು ಜನ ಆಗಿದ್ದಾರೆ, ಸ್ವಲ್ಪ ನೋಡಿ ಹೇಳ್ತೀರಾ?" ಎಂದಿತು.

ವರದಿಗಾರ್ತಿ ಪತ್ರಕರ್ತರ ಗ್ಯಾಲರಿಗೆ ಹೋಗಿ ಇಣುಕಿದಳು. ಬೆರಳು ಮಡಿಚುತ್ತ ಎರಡು ಸಲ ಎಣಿಸಿ ವಾಪಸು ಬಂದಳು.

"ಹತ್ತೊಂಬತ್ತು."

"ಆ ಸಂಖ್ಯೆ ಮಾತ್ರ ಹೇಳಬೇಡಿ ತಾಯಿ" ಎಂದ ಗಂಟೆ, ಮಾರ್ಷಲ್ ಸ್ವಿಚ್ ಒತ್ತುವುದಕ್ಕೂ ಮೊದಲೇ ಬಡಿದುಕೊಳ್ಳತೊಡಗಿತು.