ವೈಟ್‌ಫೀಲ್ಡಿನ ಹಳಬರು ಯಾರು?

“ನಿಮ್ಮ ವೈಟ್‌ಫೀಲ್ಡಲ್ಲಿ ನೋಡೋಕೇನಿದೆ, ಬರೀ ಗಾಜಿನ ಬಿಲ್ಡಿಂಗು, ಟ್ರಾಫಿಕ್ಕು” ಅಂತ ನಮ್ಮ ನೆಂಟರು ಕಾರು ಹತ್ತುವಾಗ ಅಂದರು. ಕಾಂಪೌಂಡಿನ ಆಚೆ ಕರಿಬೇವಿನ ಗಿಡಕ್ಕೆ ನೀರು ಬಿಡುತ್ತಿದ್ದ ಗೌಡರ ಕಿವಿಗೆ ಅದು ಬೀಳಬೇಕೆ!

“ಅವರಿಗೆ ಇನ್ನರ್ ಸರ್ಕಲ್ ತೋರಿಸಿದ್ರಾ ಸಾರ್?”

“ಇಲ್ಲ ಗೌಡ್ರೇ. ಮಾಲ್ ಸುತ್ತೋದ್ರಲ್ಲೇ ಹೊತ್ತು ಹೋಯ್ತು.”

“ಮತ್ತೆ ಅವರದ್ದೇನು ತಪ್ಪು ಬಿಡಿ!”

ಗೌಡರ ಮುಂದೆ ಸೋಲಬಾರದೆಂದು ನಾನೂ ಓದಿದ್ದನ್ನು ಬಿಚ್ಚಿದೆ. 1882ರಲ್ಲಿ ಹತ್ತನೇ ಚಾಮರಾಜ ಒಡೆಯರು ಇಲ್ಲಿ 3,900 ಎಕರೆ ಜಮೀನನ್ನು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್, ಊರಿಗೆ ಅವರ ಹೆಸರೇ ನಿಂತಿತು. ತಮ್ಮ ಜನ ಸರ್ಕಾರಿ ನೌಕರಿಯನ್ನೇ ನಂಬಿ ಕೂರದೆ ಬೇಸಾಯ ಮಾಡಿಕೊಂಡು ಬದುಕಲಿ ಅನ್ನೋದು ಅವರ ಆಸೆ.

“ಅಂದ್ರೆ ಆಫೀಸಿನೋರು ಹೊಲ ಮಾಡೋಕೆ ಬಂದ್ರು ಅನ್ನಿ. ಈಗ್ಲೂ ಬರ್ತಾರಲ್ಲ, ವೀಕೆಂಡ್ ಫಾರ್ಮು ಅಂತ! ನೇಗಿಲು ಹಿಡಿದೋರು ಆಗ್ಲೂ ನಮ್ಮೋರೇ ಇರ್ಬೇಕು.”

ಗೌಡರು ನಕ್ಕರೂ ಇನ್ನರ್ ಸರ್ಕಲ್ ಕಂಡರೆ ಅವರಿಗೆ ಅಕ್ಕರೆಯೇ. ನಡುವೆ ದುಂಡನೆಯ ಬಯಲು, ಅದರ ಸುತ್ತ ರಸ್ತೆ, ರಸ್ತೆಯಂಚಿಗೆ ದೊಡ್ಡ ಅಂಗಳದ ಹೆಂಚಿನ ಮನೆಗಳು: ಊರಿನ ಮೊದಲ ಲೇಔಟೇ ಅದು. ಈಗ ಉಳಿದಿರುವ ಹಳೇ ಮನೆಗಳು ಕೆಲವೇ. ಕೆಡವಿದ ಜಾಗದಲ್ಲಿ ತೇಗದ ಬಾಗಿಲು, ಕಿಟಕಿ ಮೊದಲು ಲಾರಿ ಹತ್ತುತ್ತವೆ. ಹೆಂಚು ಒಂದಷ್ಟು ದಿನ ಗೋಡೆಗೊರಗಿ ಪಾಚಿ ಕಟ್ಟಿಕೊಂಡು ಕೂತಿರುತ್ತದೆ.

“ಚರ್ಚಿಲ್ಲು ಹುಡುಗಿ ನೋಡೋಕೆ ಬರ್ತಿದ್ನಂತಲ್ಲ ಸಾರ್?”

ಅದು ಇಲ್ಲಿಯ ಹಳೇ ವಸತಿಗೃಹ ವೇವರ್ಲಿ ಇನ್ ಕತೆ. 1896ರಲ್ಲಿ ದಂಡಿನ ಜೊತೆ ಬೆಂಗಳೂರಿಗೆ ಬಂದ ಹುಡುಗ ಚರ್ಚಿಲ್, ಇನ್ನಿನ ಯಜಮಾನ ಹ್ಯಾಮಿಲ್ಟನ್ನನ ಮಗಳು ರೋಸ್‌ಗೆ ಮನಸೋತಿದ್ದ ಅಂತ ಜನ ಹೇಳುತ್ತಾರೆ. ಪ್ರೀತಿಗೆ ದಾಖಲೆ ಕೇಳಬಾರದು. ಸಾಲಕ್ಕೆ ಮಾತ್ರ ಇದೆ: ಬೆಂಗಳೂರು ಕ್ಲಬ್ಬಿನ ಪುಸ್ತಕದಲ್ಲಿ 1899ರಲ್ಲಿ ವಸೂಲಾಗದ ಬಾಕಿಗಳ ಪಟ್ಟಿಗೆ ಅವನ ಹೆಸರಲ್ಲಿ 13 ರೂಪಾಯಿ ಸೇರಿದೆ.

“ಹದಿಮೂರು ರೂಪಾಯಿ ತೀರಿಸದೋನಿಗೆ ಹೆಣ್ಣು ಯಾರು ಕೊಡ್ತಾರೆ?”

ನಾನು ಬಿಡಲಿಲ್ಲ. “ಏನೇ ಹೇಳಿ ಗೌಡ್ರೇ, ಇಲ್ಲಿಯ ಹಳಬರು ಅಂದ್ರೆ ಆ ಆಂಗ್ಲೋ-ಇಂಡಿಯನ್ನರೇ.”

ಗೌಡರು ಪೈಪು ಕೆಳಗಿಟ್ಟರು. “ಅವರು ಮೊನ್ನೆ ಬಂದೋರು ಸಾರ್. ಮೆಟ್ರೋಲಿ ಪಟ್ಟಂದೂರು ಅಗ್ರಹಾರ ಅಂತ ಸ್ಟೇಷನ್ ಬರುತ್ತಲ್ಲ, ಆ ಪಟ್ಟಂದೂರಿನ ಕೆರೆ ಕಟ್ಟಿಸಿದ್ದು, ತೂಬು ಇಡಿಸಿದ್ದು ಚೋಳರ ಕಾಲದ ಶಾಸನದಲ್ಲೇ ಇದೆ. ಹೆಚ್ಚುಕಮ್ಮಿ ಸಾವಿರ ವರ್ಷದ್ದು.”

ಅವರ ಮಾತು ಸರಿಯೇ. ಆ ಕೆರೆಯ ಮಾತಿರುವ ಕಾಡುಗೋಡಿ ಶಾಸನದ ಕಾಲ ಕ್ರಿ.ಶ. 1043. ಆದರೂ ಮನೆ ಕಟ್ಟಿದವರ ಹೆಸರನ್ನೇ ನಾವು ಇತಿಹಾಸ ಅನ್ನುತ್ತೇವೆ. ಆ ಮನೆಗೆ ನೀರು ಎಲ್ಲಿಂದ ಬಂತು ಅಂತ ವಿಚಾರಿಸುವುದಿಲ್ಲ. ಮನೆ ಬೇಕಾದವರು ಅಲೆ ಅಲೆಯಾಗಿ ಬಂದರು: ಮೊದಲು ವೈಟರ ಜನ, ಆಮೇಲೆ ಐಟಿಪಿಎಲ್ ಟೆಕ್ ಪಾರ್ಕಿನ ಕೆಲಸಕ್ಕೆ ಬಂದವರು, ನನ್ನಂಥವರು. ಕೆರೆ ಮಾತ್ರ ಮೊದಲೇ ಇಲ್ಲಿದ್ದವರು ಕಟ್ಟಿದ್ದು.

ಅಷ್ಟರಲ್ಲಿ ಗೇಟಿನ ಹತ್ತಿರ ಟ್ಯಾಂಕರ್ ಹಾರನ್ ಹೊಡೆಯಿತು. ನಾನು ಸಂಪಿನ ಮುಚ್ಚಳ ತೆಗೆಯಲು ಓಡಿದೆ. ಹಿಂದಿನಿಂದ ಗೌಡರು ಕೂಗಿದರು: “ಅವತ್ತು ಕೆರೆ ಕಟ್ಟಿಸಿದೋನಿಗೆ ಶಾಸನ, ಇವತ್ತು ಟ್ಯಾಂಕರ್ ತರಿಸಿದೋನಿಗೆ ಬಿಲ್ಲು! ನೀವಾದ್ರೂ ಬಾಕಿ ಇಟ್ಕೋಬೇಡಿ ಸಾರ್!”